ಅಡಿಕೆ ಮಾಳಿಗೆಯಲ್ಲಿ ಒಂದು ಮನೆ

ಕಾಸರಗೋಡು ಪೇಟೆಯ ಹಳೆಯ ಭಾಗದಲ್ಲಿ, ಕೆಳಗೆ ಮೂರು ಅಂಗಡಿಗಳೂ ಮೇಲೆ ಒಂದೇ ಒಂದು ಉದ್ದನೆಯ ಮಾಳಿಗೆಯೂ ಇರುವ ಮುರಕಲ್ಲಿನ ಕಟ್ಟಡದ ಮೇಲಂತಸ್ತನ್ನು ನಾವು ಕೊಂಡಾಗ ಅದಕ್ಕೆ ಮನೆಯ ಲಕ್ಷಣ ಒಂದೂ ಇರಲಿಲ್ಲ. 46 ಅಡಿ ಉದ್ದ, 22 ಅಡಿ ಅಗಲ, ನಡುವೆ ಅಡ್ಡಗೋಡೆ ಎಂಬುದೇ ಇಲ್ಲ. ಕಾಲಡಿಯಲ್ಲಿ ಹಲಗೆಯ ನೆಲ, ತಲೆಯ ಮೇಲೆ ಬರಿಯ ಇಳಿಜಾರು ಮರದ ಪಕ್ಕಾಸು, ಅದರ ಮೇಲೆ ಅಡ್ಡಪಟ್ಟಿಯ ರೀಪು ಮತ್ತು ಹಂಚು. ವರ್ಷಗಟ್ಟಲೆ ಮುಚ್ಚಿಯೇ ಇದ್ದ ಬಾಗಿಲನ್ನು ತೆರೆದ ದಿನ ಮೊದಲು ಮೂಗಿಗೆ ಬಡಿದದ್ದು ಒಣಗಿದ ಚಾಲಿ ಅಡಿಕೆಯ ವಾಸನೆ. ಒಂದು ಕಾಲದಲ್ಲಿ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ತೋಟಗಳಿಂದ ಬಂದ ಅಡಿಕೆಯನ್ನು ಇಲ್ಲಿ ಆರಿಸಿ, ಗೋಣಿಯಲ್ಲಿ ತುಂಬಿಸಿ ಇಡುತ್ತಿದ್ದರು. ಪೂರ್ವದ ಗೋಡೆಯಲ್ಲಿ, ರಸ್ತೆಯ ನೇರಕ್ಕೆ, ನಾಲ್ಕಡಿ ಅಗಲದ ಒಂದು ಬಾಗಿಲಿತ್ತು. ಅದರಾಚೆ ಮೆಟ್ಟಿಲಿಲ್ಲ, ಜಗಲಿಯಿಲ್ಲ, ಬರಿಯ ಗಾಳಿ. ಗೋಣಿಗಳನ್ನು ಎಳೆದು ಒಳಗೆ ತೆಗೆದುಕೊಳ್ಳಲು ಇದ್ದ ಬಾಗಿಲು ಅದು. ಮೇಲೆ ತೊಲೆಯ ತುದಿಯಲ್ಲಿ ರಾಟೆಯ ಕೊಂಡಿ ತುಕ್ಕು ಹಿಡಿದು ನಿಂತಿತ್ತು.

ನಾವು ಐದು ಜನ. ನಾನು ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಅಧ್ಯಾಪಕ, ಹೆಂಡತಿ ಬ್ಯಾಂಕಿನಲ್ಲಿ ಉದ್ಯೋಗಿ, 12 ವರ್ಷದ ಮಗಳು, 5 ವರ್ಷದ ಮಗ, ಮತ್ತು ಬಾಯಾರಿನ ಮನೆಯನ್ನು ತಮ್ಮನಿಗೆ ಬಿಟ್ಟು ನಮ್ಮೊಂದಿಗೆ ಬಂದಿರುವ 74 ವರ್ಷದ ಅಮ್ಮ. ಅಲ್ಲಿಯವರೆಗೆ ನಾವಿದ್ದ ಬಾಡಿಗೆ ಮನೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿತ್ತು. ರಸ್ತೆ ಆರು ಪಥವಾಗುವ ಕೆಲಸ ನಡೆದಷ್ಟು ಕಾಲ ಹಗಲು ಜೆಸಿಬಿ, ರಾತ್ರಿ ಲಾರಿ. ಬಟ್ಟೆಯ ಮೇಲೆ, ಪುಸ್ತಕದ ಮೇಲೆ, ಮಕ್ಕಳ ಕಣ್ಣರೆಪ್ಪೆಯ ಮೇಲೆ ಕೆಂಪು ಧೂಳು. ಆದರೆ ಆ ಮನೆಯಲ್ಲಿ ನಮ್ಮನ್ನು ದಣಿಸಿದ್ದು ಹೊರಗಿನ ಸದ್ದೊಂದೇ ಅಲ್ಲ ಎಂಬುದು ನನಗೆ ತಿಳಿದದ್ದು ತಡವಾಗಿ. ತಗ್ಗಿನ ಕಾಂಕ್ರೀಟು ತಾರಸಿಯ ಕೆಳಗೆ ಹಗಲಿನ ಕಾವು ರಾತ್ರಿ ಹನ್ನೊಂದರವರೆಗೂ ಇಳಿಯುತ್ತಿರಲಿಲ್ಲ, ಒದ್ದೆ ಬಟ್ಟೆಯ ವಾಸನೆ ಹೊರಗೆ ಹೋಗುತ್ತಿರಲಿಲ್ಲ, ಒಬ್ಬರ ಸಿಡುಕು ಇನ್ನೊಬ್ಬರಿಗೆ ತಾಗದೆ ಕರಗುವಷ್ಟು ಜಾಗವೂ ಇರಲಿಲ್ಲ. ಒಳಗೆ ಬಂದದ್ದಕ್ಕೆಲ್ಲ ಹೊರಗೆ ಹೋಗಲು ದಾರಿಯೇ ಇಲ್ಲದ ಮನೆ ಅದು. ಹೊಸ ಮನೆಯನ್ನು ರೂಪಿಸುವಾಗ ನಾನು ಕಲಿತದ್ದೆಲ್ಲ ಕೊನೆಗೂ ಈ ಒಂದು ವಿಷಯದ ಸುತ್ತಲೇ ತಿರುಗಿತು.

ಕಟ್ಟಡಕ್ಕೆ ಎಷ್ಟು ವರ್ಷ ಎಂದು ಹೇಳುವ ಶಾಸನವೇನೂ ಇಲ್ಲ. ಕೈಗೆ ಬಂದ ಹಳೆಯ ಪತ್ರಗಳಲ್ಲಿ ಒಂದು, ಕಾಸರಗೋಡು ತಾಲೂಕು ಇನ್ನೂ ಮದ್ರಾಸಿನ ಆಡಳಿತದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದಾಗ ಬರೆದದ್ದು. ಛಾಪಾ ಕಾಗದದ ಮೇಲೆ ದುಂಡನೆಯ ಕನ್ನಡ ಅಕ್ಷರ, ಚೆಕ್ಕುಬಂದಿಯ ವಿವರ ಕೂಡ ಕನ್ನಡದಲ್ಲಿಯೇ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿದ ಮೇಲಿನ ಪತ್ರಗಳಲ್ಲಿ ನಿಧಾನವಾಗಿ ಭಾಷೆ ಬದಲಾಗುತ್ತದೆ. ನಮ್ಮ ಹೆಸರಿಗಾದ ಪತ್ರ ಮಲಯಾಳದಲ್ಲಿದೆ. ಒಂದೇ ಗೋಡೆ, ಒಂದೇ ಮಾಡು, ಕಾಗದ ಮಾತ್ರ ಎರಡು ನುಡಿಗಳದು. ನಮ್ಮೂರಿನವರಿಗೆ ಇದು ಹೊಸದಲ್ಲವಾದರೂ ಆ ಎರಡು ಕಾಗದಗಳನ್ನು ಒಂದರ ಪಕ್ಕ ಇನ್ನೊಂದಿಟ್ಟು ನೋಡಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಉತ್ತರದ ಗೋಡೆಯ ಮೇಲೆ, ಎದೆಯ ಎತ್ತರದಲ್ಲಿ, ಮಸಿಯಿಂದ ಬರೆದ ಲೆಕ್ಕಗಳಿದ್ದವು. ‘ಪ’ ಎಂದರೆ ಪಟೋರ, ‘ಉ’ ಎಂದರೆ ಉಳ್ಳಿ, ‘ಕ’ ಎಂದರೆ ಕರಿಗೋಟು ಇರಬೇಕು, ಮೂರೂ ಅಡಿಕೆಯ ದರ್ಜೆಗಳ ಹೆಸರು. ಅವುಗಳ ಮುಂದೆ ನಾಲ್ಕು ನೆಟ್ಟ ಗೆರೆ, ಐದನೆಯದು ಅಡ್ಡ, ಕೊನೆಗೆ ಕನ್ನಡ ಅಂಕಿಯಲ್ಲಿ ಮೊತ್ತ. ಬರೆದವನ ಕೈ ಅವಸರದ್ದು. ‘ಉ’ ಅಕ್ಷರದ ಬಾಲ ಪ್ರತಿ ಸಲವೂ ಮುಂದಿನ ಗೆರೆಯನ್ನು ತಾಗುತ್ತಿತ್ತು. ಒಂದು ಕಡೆ ಮೊತ್ತವನ್ನು ಹೆಬ್ಬೆರಳಿನಿಂದ ಉಜ್ಜಿ ಅದರ ಮೇಲೆಯೇ ತಿದ್ದಿದ್ದ. ಆ ಬೆರಳಿನ ಗುರುತು ಈಗಲೂ ಇದೆ. ಎರಡಡಿ ಎತ್ತರ, ಮೂರಡಿ ಅಗಲದ ಆ ಭಾಗಕ್ಕೆ ಸುಣ್ಣ ತಾಗಿಸಬಾರದೆಂದು ಮೊದಲ ದಿನವೇ ತೀರ್ಮಾನಿಸಿದೆವು. ನಾವು ಒಮ್ಮತದಿಂದ ತೀರ್ಮಾನಿಸಿದ ಕೆಲವೇ ಸಂಗತಿಗಳಲ್ಲಿ ಅದು ಒಂದು.

ಉಳಿದುದರಲ್ಲಿ ಆರಂಭವೇ ತಪ್ಪಾಯಿತು. ದೊಡ್ಡ ನಗರಗಳಲ್ಲಿ ಹಳೆಯ ಗೋದಾಮುಗಳನ್ನು ವಾಸದ ಮನೆಯಾಗಿ ಮಾರ್ಪಡಿಸಿದ ಚಿತ್ರಗಳನ್ನು ನೋಡಿದ್ದ ನನ್ನ ಮನಸ್ಸಿನಲ್ಲಿ, ಶಾಂತವಾದ ಮನೆ ಎಂದರೆ ಬೆಳ್ಳಗಿನ ನುಣುಪಾದ ಗೋಡೆ ಮತ್ತು ವಿಶಾಲವಾದ ಖಾಲಿ ಜಾಗ ಎಂಬ ಭಾವನೆ ಬೇರೂರಿತ್ತು. ಮೊದಲು ಕೆಲಸ ವಹಿಸಿಕೊಂಡ ಗುತ್ತಿಗೆದಾರರೂ ಹಾಗೆಯೇ ಮಾಡೋಣ ಎಂದರು. ಪಶ್ಚಿಮದ ಗೋಡೆಯ ಹಳೆಯ ಗಾರೆಯನ್ನು ಕೆತ್ತಿ, ಸಿಮೆಂಟಿನ ಸಾರಣೆ ಮಾಡಿ, ಪುಟ್ಟಿ ಹಚ್ಚಿ, ನೀರು ತಡೆಯುವ ಬಣ್ಣವನ್ನು ಎರಡು ಸಲ ಬಳಿದರು. ಎಪ್ರಿಲಿನಲ್ಲಿ ಅದು ಹಾಲಿನ ಕೆನೆಯಂತೆ ಕಾಣುತ್ತಿತ್ತು. ಆಟಿ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಮೊದಲು ಒಂದು ಗುಳ್ಳೆ ಎದ್ದಿತು, ಮರುದಿನ ಹತ್ತು. ವಾರದೊಳಗೆ ಬಣ್ಣದ ಪದರ ಹಪ್ಪಳದಂತೆ ಉಬ್ಬಿ ಒಡೆದು, ಒಳಗಿನಿಂದ ಉಪ್ಪಿನಂತಹ ಬಿಳಿಯ ಹುಡಿ ಉದುರತೊಡಗಿತು. ಕೆಲಸ ಮಾಡಿದವರು ಇನ್ನೂ ಗಟ್ಟಿಯಾದ ಬಣ್ಣ ಬಳಿಯುವ ಸಲಹೆ ಕೊಟ್ಟು ಮತ್ತೆ ಈ ಕಡೆ ಬರಲಿಲ್ಲ. ನನಗೆ ಅವರ ಮೇಲೆ ಸಿಟ್ಟಿತ್ತು, ಆದರೆ ಆ ನುಣುಪನ್ನು ಬಯಸಿದವನು ನಾನೇ ಆಗಿದ್ದೆ.

ಆ ಗೋಡೆಯನ್ನು ನನಗೆ ಅರ್ಥಮಾಡಿಸಿದವರು ನೀಲೇಶ್ವರ ಕಡೆಯ, ಮಲಯಾಳ ಮಾತನಾಡುವ ಒಬ್ಬ ಹಿರಿಯ ಮೇಸ್ತ್ರಿ. ಅವರು ಗುಳ್ಳೆಯೆದ್ದ ಗೋಡೆಗೆ ಅಂಗೈ ಒತ್ತಿ ಹಿಡಿದು ಸ್ವಲ್ಪ ಹೊತ್ತು ನಿಂತರು. ಮತ್ತೆ, “ಮಾಷ್ಟ್ರೇ, ನೀರು ಹೊರಗಿನಿಂದ ಬಂದಿದೆ, ಬರಲಿ. ನೀವು ಅದು ಹೋಗುವ ಬಾಗಿಲು ಮುಚ್ಚಿದ್ದೀರಿ” ಎಂದು ಅವರ ಭಾಷೆಯಲ್ಲಿ ಹೇಳಿದರು.

ನಮ್ಮ ಕಡೆಯ ಮುರಕಲ್ಲು ಒಂದು ಬಗೆಯ ಸ್ಪಂಜು. ಗಣಿಯಲ್ಲಿ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಬಿದ್ದ ಮೇಲೆ ಬಿಗಿಯಾಗುವ ಈ ಕಲ್ಲಿನ ಮೈತುಂಬ ತೂತುಗಳು. ಬಾಯಾರಿನ ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜನ ಕಾಲದಲ್ಲಿ ಕೊರೆದ ಸುರಂಗವಿದೆ. ಇದೇ ಕಲ್ಲನ್ನು ಅಡ್ಡಕ್ಕೆ ಕೊರೆಯುತ್ತಾ ಹೋದಾಗ ಅದು ತನ್ನೊಳಗಿನ ನೀರನ್ನು ಒಸರಿ ಹೊರಗೆ ಬಿಡುತ್ತದೆ. ಬೇಸಗೆಯಲ್ಲೂ ಬತ್ತದ ಆ ನೂಲಿನಂತಹ ನೀರನ್ನು ಅಡಿಕೆಯ ಹಾಳೆಯಲ್ಲಿ ಹರಿಸಿ ಕೆರೆ ತುಂಬಿಸುವುದನ್ನು ನೋಡುತ್ತಾ ಬೆಳೆದವನು ನಾನು. ಕುಡಿಯಲು ನೀರು ಕೊಟ್ಟ ಕಲ್ಲೇ ಗೋಡೆಯಾಗಿ ನಿಂತಾಗ ನೀರನ್ನು ಹೀರುತ್ತದೆ ಎಂಬುದು ನನಗೆ ಹೊಳೆಯದೆ ಹೋದದ್ದು ಹೇಗೆ ಎಂದು ಇವತ್ತಿಗೂ ಯೋಚಿಸುತ್ತೇನೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ಕಡಲ ಕಡೆಯಿಂದ ಬರುವ ಎರಚಲನ್ನು ನೇರವಾಗಿ ಪಡೆಯುವ ಒಂದೂವರೆ ಅಡಿ ದಪ್ಪದ ಗೋಡೆ ಒದ್ದೆಯಾಗದಿರಲು ಸಾಧ್ಯವಿಲ್ಲ. ಹಳಬರ ಸುಣ್ಣದ ಗಾರೆ ಆ ಪಸೆಯನ್ನು ಒಳಮೈಯಿಂದ ನಿಧಾನವಾಗಿ ಆವಿಯಾಗಲು ಬಿಡುತ್ತಿತ್ತು. ಸಿಮೆಂಟು ಮತ್ತು ಪ್ಲಾಸ್ಟಿಕ್ಕಿನಂತಹ ಬಣ್ಣ ಅದನ್ನು ಬಿಡುವುದಿಲ್ಲ. ಆಗ ನೀರು ಕರಗಿಸಿ ತಂದ ಲವಣಗಳು ಪದರದ ಹಿಂದೆ ಹರಳುಗಟ್ಟಿ, ಆ ಪದರವನ್ನೇ ತಳ್ಳಿ ಕೆಡಹುತ್ತವೆ.

ಹಾಗಾಗಿ ಮಾಡಿದ್ದನ್ನೆಲ್ಲ ಕೆತ್ತಿ ತೆಗೆದೆವು. ಕಲ್ಲು ಒಂದು ಬೇಸಗೆ ಪೂರ್ತಿ ಬರಿಮೈಯಲ್ಲಿ ಒಣಗಿತು. ಅಷ್ಟರಲ್ಲಿ ಚಿಪ್ಪು ಸುಟ್ಟ ಸುಣ್ಣವನ್ನು ತಂದು, ತೊಟ್ಟಿಯಲ್ಲಿ ನೀರು ಹಾಕಿ ಅರಳಿಸಿ, ಗಾಳಿ ತಾಗದಂತೆ ಎರಡು ತಿಂಗಳು ಕೊಳೆಯಲು ಬಿಟ್ಟರು. ಮೇಸ್ತ್ರಿ ಅದನ್ನು ‘ಕುಮ್ಮಾಯಂ’ ಎನ್ನುತ್ತಿದ್ದರು, ಅಮ್ಮ ‘ಗಾರೆ’ ಎನ್ನುತ್ತಿದ್ದರು, ಸಾಮಾನು ಹೊರುವ ಉತ್ತರ ಭಾರತದ ಹುಡುಗ ‘ಚೂನಾ’ ಎನ್ನುತ್ತಿದ್ದ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಕಲಸುವ ನೀರಿಗೆ ಬೆಲ್ಲ ಮತ್ತು ಜಜ್ಜಿ ನೆನೆಸಿದ ಅಳಲೆಕಾಯಿಯ ರಸ. ಸುಣ್ಣ ಗಟ್ಟಿಯಾಗುವುದು ಸಿಮೆಂಟಿನಂತೆ ನೀರಿನ ಜೊತೆಗಿನ ಕ್ರಿಯೆಯಿಂದಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಮತ್ತೆ ಕಲ್ಲಾಗುತ್ತದೆ, ಅಂದರೆ ಸುಡುವ ಮೊದಲು ಚಿಪ್ಪು ಯಾವ ವಸ್ತುವಾಗಿತ್ತೋ ಅದೇ ಆಗುತ್ತದೆ. ಇದಕ್ಕೆ ದಿನಗಳು ಸಾಲವು, ತಿಂಗಳುಗಳು ಬೇಕು. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಗೋಡೆಗೆ ನೀರು ಚಿಮುಕಿಸುವ ಕೆಲಸ ನನ್ನದಾಗಿತ್ತು. ತಂಪಾದ ಗೋಡೆಯಿಂದ ಮೊದಲ ಮಳೆಯ ಮಣ್ಣಿನಂತಹ ವಾಸನೆ ಏಳುತ್ತಿತ್ತು. ಮೂರು ವರ್ಷಗಳ ಈ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆಗಳು ಯಾವುವೆಂದು ಕೇಳಿದರೆ ಆ ಬೆಳಗುಗಳನ್ನೇ ಹೇಳುತ್ತೇನೆ.

ಮಾಡಿನ ಕೆಲಸ ತುಳು ಮಾತನಾಡುವ ಆಚಾರಿಯವರದ್ದು. ಮೇ ಕೊನೆಯಲ್ಲಿ, ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಯ ಒಳಗೆ ಹಂಚು ಹೊದಿಸಿ ಮುಗಿಸಬೇಕೆಂಬುದು ಅವರು ತಮಗೆ ತಾವೇ ಹಾಕಿಕೊಂಡ ಗಡುವು. ಅಲ್ಲಿಂದ ಮುಂದೆ ಆಕಾಶವನ್ನು ನಂಬುವಂತಿಲ್ಲ. ಸುಮಾರು 2,200 ಹಂಚುಗಳನ್ನು ಇಳಿಸಿ, ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿದರು. ಗಂಟೆಯಂತೆ ‘ಟಣ್’ ಎಂದದ್ದು ಒಂದು ರಾಶಿಗೆ, ಮಂಕಾಗಿ ‘ಟೊಕ್’ ಎಂದದ್ದು ಇನ್ನೊಂದಕ್ಕೆ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಸದ್ದಿನಲ್ಲಿ ಸಿಕ್ಕಿಬೀಳುತ್ತದೆ. ಮಗ ಎರಡು ದಿನ ಅವರ ಪಕ್ಕದಲ್ಲಿ ಕುಳಿತು ಬಡಿದು, ಮೂರನೆಯ ದಿನಕ್ಕೆ ಅವರಿಗಿಂತ ಮೊದಲೇ ತೀರ್ಪು ಹೇಳತೊಡಗಿದ. ಕೆಲವು ಹಂಚುಗಳ ಬೆನ್ನಿನಲ್ಲಿ ಬಾಸೆಲ್ ಮಿಷನ್ ಕಾರ್ಖಾನೆಯ ಹೆಸರೂ 1865 ಎಂಬ ಇಸವಿಯೂ ಅಚ್ಚಾಗಿದ್ದವು. ಹಂಚಿಗೆ ಅಷ್ಟು ವರ್ಷವಾಗಿದೆ ಎಂದು ಮಕ್ಕಳು ಬೆರಗಾದರು. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಈ ಹಂಚು ಸುಟ್ಟ ವರ್ಷವಲ್ಲ ಎಂದು ವಿವರಿಸಿದಾಗ ಅವರಿಗೆ ಸ್ವಲ್ಪ ಬೇಸರವೇ ಆಯಿತು. 1,400ರಷ್ಟು ಹಂಚು ಮರಳಿ ಮಾಡಿಗೆ ಏರಿತು. ಉಳಿದದ್ದಕ್ಕೆ ಕುಂಬಳೆಯ ಬಳಿ ಕೆಡವುತ್ತಿದ್ದ ಮನೆಯೊಂದರ ಹಂಚು ಹೊಂದಿತು.

ಪಕ್ಕಾಸುಗಳಲ್ಲಿ ಹನ್ನೊಂದನ್ನು ಒರಲೆ ತಿಂದಿತ್ತು. ತೊಲೆಗಳು ಮಾತ್ರ ಬೋಗಿ ಮರದವು. ಉಳಿ ಇಟ್ಟರೆ ಉಳಿಯೇ ಹಿಂದಕ್ಕೆ ಹಾರುತ್ತಿತ್ತು. ಹೊಸ ಪಕ್ಕಾಸುಗಳ ತುದಿಗೆ, ಗೋಡೆಯ ಮೇಲೆ ಕೂರುವ ಕಡೆ, ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದರು. ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಬರಿಸುವ ಕಪ್ಪು ಎಣ್ಣೆ ಅದು, ಮಕ್ಕಳನ್ನು ಆ ವಾರ ಮೇಲೆ ಬಿಡಲಿಲ್ಲ. ಪಕ್ಕಾಸಿನ ತುದಿಯನ್ನು ಸಿಮೆಂಟಿನಲ್ಲಿ ಹುಗಿದು ಬಿಗಿಗೊಳಿಸಬೇಕೆಂದು ನಾನು ಹೇಳಿದಾಗ ಆಚಾರಿ ಒಪ್ಪಲಿಲ್ಲ. “ಮರಕ್ಕೆ ಗಾಳಿ ಆಡ್ಲಿಕ್ಕೆ ಬಿಡಿ ಮಾಷ್ಟ್ರೇ, ಉಸಿರು ಕಟ್ಟಿದ ಮರವನ್ನೇ ಒರಲೆ ಮೊದಲು ಹುಡುಕಿಕೊಂಡು ಬರುವುದು” ಎಂದರು. ನೀಲೇಶ್ವರದ ಮೇಸ್ತ್ರಿಯೂ ಇವರೂ ಒಬ್ಬರನ್ನೊಬ್ಬರು ಕಂಡದ್ದೇ ಅಪರೂಪ, ಆದರೆ ಇಬ್ಬರ ಮಾತೂ ಒಂದೇ ಆಗಿತ್ತು.

ಸೆಕೆಗೂ ಅದೇ ಮದ್ದು. ಮಾರ್ಚಿನಿಂದ ಮೇ ತನಕ ಹಂಚಿನ ಅಡಿಯಲ್ಲಿ ಮಧ್ಯಾಹ್ನ ಕಷ್ಟವೇ, ಆದರೆ ಹಂಚು ಕಾಯುವಷ್ಟೇ ಬೇಗ ಆರುತ್ತದೆ. ಕಾಂಕ್ರೀಟಿನಂತೆ ಹಗಲಿನ ಬಿಸಿಯನ್ನು ರಾತ್ರಿಗೆ ಕಟ್ಟಿಡುವುದಿಲ್ಲ. ಬಿಸಿ ಗಾಳಿ ಮೇಲೇರಿ ಮಾಡಿನ ನೆತ್ತಿಯಲ್ಲಿ ನಿಲ್ಲುತ್ತದೆ, ಅದನ್ನು ಹೊರಗೆ ಕಳುಹಿಸಿದರೆ ಮುಗಿಯಿತು. ಪೂರ್ವ ಪಶ್ಚಿಮದ ತ್ರಿಕೋನ ಗೋಡೆಗಳ ತುದಿಯಲ್ಲಿ ಓರೆ ಪಟ್ಟಿಗಳ ಗವಾಕ್ಷಿಗಳನ್ನಿಟ್ಟು, ಪಶ್ಚಿಮದ್ದಕ್ಕೆ ಎರಚಲು ಬಾರದಂತೆ ಹಂಚಿನ ಚಿಕ್ಕ ಮುಂಚಾಚು ಕೊಟ್ಟೆವು. ಮಧ್ಯಾಹ್ನದ ಕಡಲ ಗಾಳಿ ಒಂದರಿಂದ ಹೊಕ್ಕು ಇನ್ನೊಂದರಿಂದ ಹೊರಡುತ್ತದೆ. ಬೆಳಕಿಗೆಂದು ಮೊದಲು ಹನ್ನೆರಡು ಗಾಜಿನ ಹಂಚು ಹಾಕಿಸಿದ್ದೆ. ಅವು ಬೆಳಕಿನ ಜೊತೆಗೆ ಬೆಂಕಿಯನ್ನೂ ಇಳಿಸಿದವು. ಏಳನ್ನು ತೆಗೆಸಿ ಐದನ್ನು ಉಳಿಸಿದೆ. ಆ ಐದರಿಂದ ಬೀಳುವ ಬಿಸಿಲಿನ ಚೌಕಗಳು ಬೆಳಗ್ಗೆ ಪಶ್ಚಿಮದ ಕಡೆಗಿದ್ದು, ಹೊತ್ತು ಏರಿದಂತೆ ನೆಲದ ಮೇಲೆ ಪೂರ್ವಕ್ಕೆ ತೆವಳುತ್ತವೆ. ಅಮ್ಮ ಗಡಿಯಾರ ನೋಡುವುದನ್ನು ಬಿಟ್ಟಿದ್ದಾರೆ. ಚೌಕ ಊಟದ ಮೇಜಿನ ಕಾಲಿಗೆ ತಾಗಿದರೆ ಅನ್ನಕ್ಕೆ ಇಡುತ್ತಾರೆ.

ಇಷ್ಟೆಲ್ಲ ಆದರೂ ನಾನು ಮತ್ತು ಹೆಂಡತಿ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದಿರಲಿಲ್ಲ. 46 ಅಡಿಯ ಆ ಉದ್ದವನ್ನು ಕಡಿಯಬಾರದು, ಪರದೆ, ಕಪಾಟು, ಅರ್ಧ ಎತ್ತರದ ತಡಿಕೆಗಳಿಂದಲೇ ಜಾಗ ಹಂಚಿಕೊಳ್ಳೋಣ ಎಂಬುದು ನನ್ನ ಹಟ. “ಈ ಮನೆಯಲ್ಲಿ ಮುಚ್ಚಿಕೊಳ್ಳುವ ಬಾಗಿಲು ಒಂದಾದರೂ ಬೇಕು. ನಿಮಗೆ ವಿಶಾಲವಾಗಿ ಕಾಣುವುದು ನನಗೆ ಅಡಗಲು ಜಾಗವಿಲ್ಲದ್ದಾಗಿ ಕಾಣುತ್ತದೆ” ಎಂದಳು ಅವಳು. ದಿನವಿಡೀ ಜನರ ಜೊತೆ ಮಾತನಾಡಿ ಬರುವವಳಿಗೆ ಸಂಜೆ ಅರ್ಧ ಗಂಟೆ ಯಾರ ಕಣ್ಣಿಗೂ ಬೀಳದೆ ಕುಳಿತುಕೊಳ್ಳಬೇಕು ಎಂಬುದು ಹದಿನಾಲ್ಕು ವರ್ಷ ಜೊತೆಗಿದ್ದ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ನನ್ನ ಹಟಕ್ಕೆ ಉತ್ತರ ಕೊಟ್ಟದ್ದು ಅಡುಗೆಮನೆಯ ಮಿಕ್ಸಿ. ತಾತ್ಕಾಲಿಕವಾಗಿ ಬಂದು ನೆಲೆಸಿದ ಮೊದಲ ವಾರ, ಬೆಳಗ್ಗೆ ಆರಕ್ಕೆ ಚಟ್ನಿ ರುಬ್ಬಿದ ಸದ್ದು ಮಾಡಿನ ಇಳಿಜಾರಿಗೆ ತಾಗಿ ಮಾಳಿಗೆಯ ಕೊನೆಯಲ್ಲಿ ಮಲಗಿದ್ದ ಮಗನನ್ನು ಬೆಚ್ಚಿ ಎಬ್ಬಿಸಿತು. ಹಂಚಿನ ಮಾಡಿನ ಕೆಳಗೆ ಗೋಡೆ ಅರ್ಧಕ್ಕೆ ನಿಂತರೆ ಸದ್ದು ಅದರ ತಲೆಯ ಮೇಲಿನಿಂದ ಹಾರಿ ಬರುತ್ತದೆ. ಹಾಗಾಗಿ ಅಡುಗೆಮನೆಗೆ ಪೂರ್ತಿ ಗೋಡೆ ಬಂತು. ಎರಡು ಮಲಗುವ ಕೋಣೆಗಳಿಗೆ ಗೋಡೆಯೊಂದಿಗೆ ಮೇಲೆ ಹಲಗೆಯ ಮುಚ್ಚಿಗೆಯೂ ಬಂತು. ಪಶ್ಚಿಮದ ಮೂಲೆಯಲ್ಲಿ ಆರಡಿ ಉದ್ದ, ಐದಡಿ ಅಗಲದ ಪುಟ್ಟ ಕೋಣೆಯೊಂದಿದೆ. ಅದರಲ್ಲಿ ಒಂದು ಕುರ್ಚಿ, ಒಂದು ಕಿಟಕಿ, ಅಜ್ಜಿಯ ಹಳೆಯ ಕಾಸರಗೋಡು ಸೀರೆಯಿಂದ ಹೊಲಿದ ಪರದೆ, ಮತ್ತು ಒಳಗಿನಿಂದ ಚಿಲಕವಿರುವ ಬಾಗಿಲು. ಈಗ ಅಲ್ಲಿ ನಾವೆಲ್ಲರೂ ಸರದಿಯಲ್ಲಿ ಕುಳಿತುಕೊಳ್ಳುತ್ತೇವೆ. ಬಾಗಿಲು ಮುಚ್ಚಿದ್ದರೆ ಯಾರೂ ತಟ್ಟುವುದಿಲ್ಲ.

ನೆಲದ ಸದ್ದು ಬೇರೆ ಜಾತಿಯದ್ದು. ಗಾಳಿಯಲ್ಲಿ ಬರುವ ಮಾತು, ಹಾಡು, ಶಟರು ಎಳೆಯುವ ಸದ್ದುಗಳನ್ನು ತಡೆಯಲು ತೂಕ ಬೇಕು. ಮಗು ಓಡುವ ದಡದಡ ಕೆಳಗಿನ ಅಂಗಡಿಗೆ ಇಳಿಯದಿರಲು ಮೆತ್ತನೆಯ ಪದರ ಬೇಕು. ಒಂದಕ್ಕೆ ಮಾಡಿದ ಉಪಾಯ ಇನ್ನೊಂದಕ್ಕೆ ಸಾಲದು. ತೂಕಕ್ಕೆ ಊರಮನೆಯ ನೆನಪೇ ದಾರಿ ತೋರಿಸಿತು: ಅಲ್ಲಿ ಉಪ್ಪರಿಗೆಯ ಹಲಗೆಯ ಮೇಲೆ ಮಣ್ಣು ಹಾಸಿ ಗಟ್ಟಿ ಮಾಡುತ್ತಿದ್ದರು, ಸೆಕೆಗೂ ಬೆಂಕಿಗೂ ಸದ್ದಿಗೂ ಅದೊಂದೇ ತಡೆ. ಗೋಣಿಗಳನ್ನು ಆಳೆತ್ತರ ಪೇರಿಸಿಟ್ಟ ನೆಲ ಎರಡಿಂಚು ಮಣ್ಣನ್ನು ತಾಳೀತು ಎಂದು ತೊಲೆಗಳನ್ನು ಅಳೆದು ಲೆಕ್ಕ ಹಾಕಿದ ಇಂಜಿನಿಯರರು ಒಪ್ಪಿದ ಮೇಲೆಯೇ ಮುಂದುವರಿದೆವು. ಜರಡಿ ಹಿಡಿದು ಒಣಗಿಸಿದ ಮಣ್ಣು, ಅದರ ಮೇಲೆ ಒಂದಿಂಚು ದಪ್ಪದ ತೆಂಗಿನ ನಾರಿನ ಹಾಸು, ಅದರ ಮೇಲೆ ಹೊಸ ಹಲಗೆ. ಹಲಗೆಯ ಅಂಚು ಎಲ್ಲಿಯೂ ಗೋಡೆಗೆ ತಾಗದಂತೆ ಬೆರಳಗಲದ ಸಂದು ಬಿಟ್ಟಿದ್ದೇವೆ. ತಾಗಿದರೆ ಸದ್ದು ಗೋಡೆ ಹಿಡಿದು ಇಳಿಯುತ್ತದೆ. ಕೆಳಗಿನ ಹೊಲಿಗೆ ಅಂಗಡಿಯವರು ಒಂದು ದಿನ ಮೇಲೆ ಬಂದು, ಮಕ್ಕಳು ಊರಿಗೆ ಹೋಗಿದ್ದಾರೆಯೇ ಎಂದು ವಿಚಾರಿಸಿದರು. ಆಗ ಮಗ ಸೋಫಾದಿಂದ ನೆಲಕ್ಕೆ ಹಾರುತ್ತಿದ್ದ.

ಅಟ್ಟದ ವಿಷಯಕ್ಕೆ ಬರುತ್ತೇನೆ. ಗೋಡೆಯ ಎತ್ತರ 9 ಅಡಿ, ನೆತ್ತಿಯಲ್ಲಿ 16. ಎಂಟೂವರೆ ಅಡಿಯಲ್ಲಿ ಅಟ್ಟದ ನೆಲ ನಿಲ್ಲಿಸಿದರೆ ನಡುವೆ ಏಳೂವರೆ ಅಡಿ ಸಿಗುತ್ತದೆ, ಆದರೆ ಮಾಡು ಇಳಿಜಾರಾದ್ದರಿಂದ ದೊಡ್ಡವರು ತಲೆಯೆತ್ತಿ ನಡೆಯಬಹುದಾದ್ದು ನಡುವಿನ ನಾಲ್ಕಡಿಯಲ್ಲಿ ಮಾತ್ರ. ಅದರ ಆಚೀಚೆ ಕುಳಿತುಕೊಳ್ಳಬೇಕು, ಅಂಚಿನಲ್ಲಿ ಮಲಗಬೇಕು. ಅಷ್ಟು ಅಳತೆ ಮಗಳಿಗೆ ಹೊಂದುತ್ತದೆ. ನಮ್ಮಲ್ಲಿ ‘ಅಟ್ಟಕ್ಕೆ ಹಾಕುವುದು’ ಎಂದರೆ ಮರೆತುಬಿಡುವುದು ಎಂದೇ ಅರ್ಥ. ಮುರಿದ ತೊಟ್ಟಿಲು, ಯಾರಿಗೂ ಬೇಡದ ಕಂಚಿನ ಪಾತ್ರೆ, ಸತ್ತವರ ಪೆಟ್ಟಿಗೆ ಎಲ್ಲವೂ ಅಟ್ಟ ಸೇರುತ್ತವೆ. ನಾವು ಈ ಅಟ್ಟಕ್ಕೆ ಒಂದೂ ಸಾಮಾನು ಹಾಕಿಲ್ಲ. ಬಾಯಾರಿನಲ್ಲಿ ಗಾಳಿಗೆ ಬಿದ್ದ ಹಲಸಿನ ಮರದ ಹಲಗೆಗಳು, ಎರಡು ಪಕ್ಕಕ್ಕೂ ಪುಸ್ತಕದ ತಗ್ಗಿನ ಕಪಾಟು, ನಾಲ್ಕಿಂಚಿಗಿಂತ ಹೆಚ್ಚು ಸಂದಿರದಂತೆ ಜೋಡಿಸಿದ ಕಟಕಟೆ. ಹೊಸ ಹಲಸು ಅರಸಿನ ಬಣ್ಣದಲ್ಲಿತ್ತು, ಎರಡು ವರ್ಷಗಳಲ್ಲಿ ಕಂದುಗೆಂಪಿಗೆ ತಿರುಗುತ್ತಿದೆ. ಮಗಳು ಚಾಪೆ ಹಾಸಿ ಮಲಗುವ ಜಾಗದಲ್ಲಿ ಇನ್ನೂ ಒಂದು ಹಳದಿ ಆಯತ ಉಳಿದಿದೆ.

ನೀರು ಮತ್ತು ಮರ ಒಂದೇ ಕಡೆ ಇರಬಾರದೆಂದು ಬಚ್ಚಲು, ಶೌಚಾಲಯ, ಪಾತ್ರೆ ತೊಳೆಯುವ ಜಾಗಗಳನ್ನು ಹಿಂದಿನ ಗೋಡೆಯಾಚೆ ನಾಲ್ಕು ಕಂಬಗಳ ಮೇಲೆ ಬೇರೆಯಾಗಿ ಕಟ್ಟಿಸಿದೆವು. ಕೊಳವೆಗಳೆಲ್ಲ ಹೊರಗೆ, ಕಣ್ಣಿಗೆ ಕಾಣುವಂತಿವೆ. ಸೋರಿದರೆ ತಕ್ಷಣ ತಿಳಿಯುತ್ತದೆ. ಗೋದಾಮನ್ನು ವಾಸದ ಮನೆಯಾಗಿಸಲು ನಗರಸಭೆಯಿಂದ ಬಳಕೆಯ ಬದಲಾವಣೆಗೆ ಅನುಮತಿ ಬೇಕು. ಅದಕ್ಕೆ ನಕ್ಷೆ, ಅರ್ಜಿ, ಓಡಾಟ ಎಲ್ಲರಿಗೂ ಇರುವಷ್ಟೇ ಇತ್ತು. ವಯರಿಂಗನ್ನು ಮರದ ಮೇಲೆ ಬರಿದೆ ಓಡಿಸಬಾರದು ಎಂಬುದೊಂದನ್ನು ಮಾತ್ರ ಹಳೆಯ ಕಟ್ಟಡ ಕೊಳ್ಳುವವರಿಗೆ ಒತ್ತಿ ಹೇಳಬಯಸುತ್ತೇನೆ.

ಅಮ್ಮನಿಗಾಗಿ ಕಡಿದಾಗಿದ್ದ ಮೆಟ್ಟಿಲನ್ನು ತೆಗೆದು, ಆರಿಂಚಿನ 22 ಮೆಟ್ಟಿಲುಗಳನ್ನೂ ನಡುವೆ ಕುಳಿತು ದಣಿವಾರಿಸಿಕೊಳ್ಳಲು ಕಲ್ಲಿನ ಕಟ್ಟೆಯನ್ನೂ ಮಾಡಿಸಿದೆವು. ಅವರು ಕೇಳಿದ್ದು ಅದನ್ನಲ್ಲ, ಕಡೆಯುವ ಕಲ್ಲನ್ನು. “ಮಗಾ, ಆ ಕಲ್ಲು ನನ್ನ ಅತ್ತೆ ಕಡೆದ ಕಲ್ಲು. ಅದನ್ನು ಅಂಗಳದಲ್ಲಿ ಮಳೆಗೆ ಬಿಟ್ಟು ಬರಲಿಕ್ಕೆ ನನಗಾಗುವುದಿಲ್ಲ” ಎಂದರು. ನಾಲ್ಕು ಜನ, ಹೊಸ ಹಗ್ಗ, ಮತ್ತು ತುಕ್ಕು ತೆಗೆದು ಎಣ್ಣೆ ಹಾಕಿದ ಆ ಹಳೆಯ ಕೊಂಡಿಗೆ ಹೊಸತಾಗಿ ತೂಗಿಸಿದ ರಾಟೆ. ಗೋಣಿಗಳು ಬಂದ ಬಾಗಿಲಿನಿಂದಲೇ ಕಲ್ಲು ಒಳಗೆ ಬಂತು. ಅಡುಗೆಮನೆಯಲ್ಲಿ ತೊಲೆ ಗೋಡೆಯನ್ನು ಸೇರುವ ಮೂಲೆಯಲ್ಲಿ, ನಾರಿನ ದಪ್ಪ ಹಾಸಿನ ಮೇಲೆ ಅದನ್ನು ಕೂರಿಸಿದ್ದೇವೆ. ಭಾನುವಾರ ಅಮ್ಮ ಅದರಲ್ಲಿ ನೀರುದೋಸೆಗೆ ಅಕ್ಕಿ ಕಡೆಯುತ್ತಾರೆ. ಮಿಕ್ಸಿಯ ಸದ್ದಿಗೆ ಬೆಚ್ಚಿದ್ದ ಮಗ ಗುಡುಗುಡು ಎನ್ನುವ ಈ ಸದ್ದಿಗೆ ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾನೆ.

ಕಲ್ಲು ಬಂದ ಮೇಲೆ ಆ ಬಾಗಿಲಿಗೆ ಸೊಂಟದ ಎತ್ತರಕ್ಕೆ ಕಟಕಟೆ ಕಟ್ಟಿ, ಒಳಗೆ ಅಗಲವಾದ ಮಣೆ ಇಟ್ಟು ಕುಳಿತುಕೊಳ್ಳುವ ಕಿಟಕಿಯಾಗಿ ಮಾಡಿದೆವು. ಸಂಜೆ ಅಲ್ಲಿ ಕುಳಿತರೆ ಬಸ್ಸುಗಳು, ಮೀನಿನ ಬುಟ್ಟಿ, ಶಾಲೆ ಬಿಟ್ಟ ಮಕ್ಕಳು, ದೇವಸ್ಥಾನದ ಗಂಟೆ, ಮಸೀದಿಯ ಬಾಂಗು, ನಾಲ್ಕೈದು ಭಾಷೆಗಳ ಜಗಳ ಎಲ್ಲವೂ ಕೇಳಿಸುತ್ತದೆ. ನಾವು ಆ ಕಿಟಕಿಗೆ ಗಾಜು ಹಾಕಿಸಿಲ್ಲ. ಸದ್ದು ಬೇಕೆನಿಸಿದವರು ಅಲ್ಲಿಗೆ ಹೋಗುತ್ತಾರೆ, ಬೇಡವೆನಿಸಿದವರು ಪಶ್ಚಿಮದ ಕೋಣೆಗೆ.

ಹೊಸ ಮಾಡಿನ ಮೇಲೆ ಮೊದಲ ದೊಡ್ಡ ಮಳೆ ಬಿದ್ದದ್ದು ಜೂನಿನ ಒಂದು ರಾತ್ರಿ ಎರಡು ಗಂಟೆಗೆ. ಎಲ್ಲರೂ ಎದ್ದು ಕುಳಿತೆವು. ಟಾರ್ಚು ಹಿಡಿದು ಪಕ್ಕಾಸಿನಿಂದ ಪಕ್ಕಾಸಿಗೆ ನೋಡುತ್ತಾ ಹೋದೆ. ಅಟ್ಟದ ಮೆಟ್ಟಿಲಿನ ಮೇಲ್ಭಾಗದಲ್ಲಿ ಒಂದೇ ಒಂದು ಕಡೆ ಹನಿ ಕಟ್ಟಿ ಬೀಳುತ್ತಿತ್ತು. ಅಮ್ಮ ಏನೂ ಹೇಳದೆ ಒಂದು ಚೆಂಬು ತಂದಿಟ್ಟು ಹೋಗಿ ಮಲಗಿದರು. ಬೆಳಗ್ಗೆ ಫೋನು ಮಾಡಿದಾಗ ಆಚಾರಿ, “ಹಂಚು ಸರಿಯಾಗಿ ಕೂತುಕೊಳ್ಲಿಕ್ಕೆ ಒಂದು ಮಳೆ ಬೇಕು ಮಾಷ್ಟ್ರೇ, ನಾಡಿದ್ದು ಬರ್ತೇನೆ” ಎಂದರು. ಬಂದು, ಒಂದು ಹಂಚನ್ನು ಅರ್ಧ ಇಂಚು ಸರಿಸಿ, ಕಾಪಿ ಕುಡಿದು ಹೋದರು.

ಪಶ್ಚಿಮದ ಗೋಡೆ ಈಗಲೂ ಆಟಿಯಲ್ಲಿ ಒದ್ದೆಯಾಗುತ್ತದೆ. ಪಸೆ ಎಲ್ಲಿಯವರೆಗೆ ಬಂದಿದೆಯೆಂದು ನಾನು ಪ್ರತಿ ಭಾನುವಾರ ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ. ಕಳೆದ ವರ್ಷ ಅದು ಮೊಣಕಾಲಿನವರೆಗೆ ಹರಡಿ, ಚೌತಿ ಕಳೆಯುತ್ತಿದ್ದಂತೆ ಕುಗ್ಗತೊಡಗಿ, ದೀಪಾವಳಿಯ ಹೊತ್ತಿಗೆ ಪೂರ್ತಿ ಆರಿತು. ಒಂದೂ ಗುಳ್ಳೆ ಏಳಲಿಲ್ಲ. ಈ ವರ್ಷದ ಮೊದಲ ಗೆರೆ ಅದಕ್ಕಿಂತ ನಾಲ್ಕು ಬೆರಳು ಕೆಳಗಿದೆ. ಅಟ್ಟದ ಮೆಟ್ಟಿಲಿಗೆ ಕೈಹಿಡಿ ಇನ್ನೂ ಆಗಿಲ್ಲ, ಮಳೆ ಬಿಟ್ಟ ಮೇಲೆ ಆಚಾರಿ ಬರುತ್ತಾರೆ.